ಮನಸ್ಸಿನ ಚಿಕಿತ್ಸೆಯಲ್ಲಿ ಅಂತಃಕರಣದ ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ಆಪ್ತಸಮಾಲೋಚನೆಯ ಕೆಲಸದಲ್ಲಿರುವವರಿಗೆ ಜನ ಕೇಳುವ ಪ್ರಶ್ನೆಗಳು ಹೆಚ್ಚು ಬದಲಾಗುವುದಿಲ್ಲ. ಕಾಯಿಲೆಯವರ ಮನೆಯ ಮಂದಿ, ಹೊಸದಾಗಿ ಕೆಲಸಕ್ಕೆ ಸೇರಿದ ದಾದಿಯರು, ಒಮ್ಮೊಮ್ಮೆ ಸ್ವತಃ ಚಿಕಿತ್ಸೆ ಪಡೆಯುತ್ತಿರುವವರು ನನ್ನ ಮುಂದಿಟ್ಟ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ನಾಲ್ಕು ಸಾಲು ಸಾಕಾಯಿತು.

ಅಂತಃಕರಣದ ಮಾತು ಎಂದರೆ ನಯವಾಗಿ, ಸಿಹಿಯಾಗಿ ಮಾತನಾಡುವುದೇ?

ಅಲ್ಲ. ನಯವಾದ ಮಾತಿನಿಂದ ಎದುರಿಗಿರುವವರನ್ನು ಸಾಗಹಾಕುವುದು ಬಹಳ ಸುಲಭ. "ಎಲ್ಲ ಸರಿಹೋಗುತ್ತದೆ, ಚಿಂತೆ ಮಾಡಬೇಡಿ" ಎನ್ನುವುದಕ್ಕಿಂತ ನಯವಾದ ಮಾತು ಯಾವುದಿದೆ? ಆದರೆ ಮೂರು ವಾರದಿಂದ ನಿದ್ದೆ ಕಾಣದ ಮನುಷ್ಯನಿಗೆ ಅದು "ನಿಮ್ಮ ಮಾತು ಮುಗಿಯಿತು, ಇನ್ನು ಹೊರಡಿ" ಎಂದು ಕೇಳಿಸುತ್ತದೆ.

ಎದುರಿನವರ ನೋವು ನಿಮ್ಮ ಗಮನಕ್ಕೆ ಬಂದಿದೆ ಎಂಬುದು ಅವರಿಗೆ ತಿಳಿಯಬೇಕು. ಅದನ್ನು ತೂಗಿ ನೋಡಿ ನೀವು ತೀರ್ಪು ಕೊಡುತ್ತಿಲ್ಲ ಎಂಬುದೂ ತಿಳಿಯಬೇಕು. ಇಷ್ಟಕ್ಕೆ ಜೇನಿನಂಥ ದನಿ ಬೇಕಾಗಿಲ್ಲ. ನಾನು ಕಂಡ ಅತ್ಯುತ್ತಮ ದಾದಿಯೊಬ್ಬರ ಮಾತು ಕೇಳಿದರೆ ಜಗಳಕ್ಕೆ ನಿಂತವರ ಹಾಗಿರುತ್ತಿತ್ತು. ಆದರೂ ವಾರ್ಡಿನಲ್ಲಿ ಯಾರಿಗೆ ಸಂಕಟವಾದರೂ ಅವರನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಕೇಳಿದ ಪ್ರಶ್ನೆಗೆ ಉತ್ತರ ಬರುವ ತನಕ ಅವರು ಕಾಯುತ್ತಿದ್ದರು, ಅದೇ ಕಾರಣ.

ಕನಿಕರ, ಸಹಾನುಭೂತಿ, ಕರುಣೆ ಎಲ್ಲ ಒಂದೇ ಅಲ್ಲವೇ?

ನಮ್ಮ ಭಾಷೆ ಇವನ್ನು ಚೆನ್ನಾಗಿಯೇ ಬಿಡಿಸಿಟ್ಟಿದೆ. ಕನಿಕರ, ಮರುಕ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. "ಅಯ್ಯೋ ಪಾಪ" ಎನ್ನುವವರು ಒಂದು ಮೆಟ್ಟಿಲು ಮೇಲೆ ನಿಂತಿರುತ್ತಾರೆ. ಸಹಾನುಭೂತಿಯಲ್ಲಿ "ಸಹ" ಇದೆ, ಅಂದರೆ ಇನ್ನೊಬ್ಬರ ಅನುಭವದ ಪಕ್ಕದಲ್ಲಿ ನಿಲ್ಲುವುದು. ಕರುಣೆಯಲ್ಲಿ ಆ ನೋವನ್ನು ತಗ್ಗಿಸುವ ಇಚ್ಛೆಯೂ ಸೇರಿಕೊಂಡಿರುತ್ತದೆ. ಈ ಮೂರರಲ್ಲಿ ಕಾಯಿಲೆಯವರು ತಕ್ಷಣ ಗುರುತಿಸುವುದು ಕನಿಕರವನ್ನು, ಹೆಚ್ಚು ದ್ವೇಷಿಸುವುದೂ ಅದನ್ನೇ.

ಇದರಿಂದ ನಿಜವಾಗಿಯೂ ಪ್ರಯೋಜನವಿದೆಯೇ, ಅಥವಾ ಕೇಳಲು ಹಿತವಾದ ಮಾತಷ್ಟೇ?

ಈ ಅನುಮಾನ ಸರಿಯಾದದ್ದೇ. ಒಳ್ಳೆಯತನದ ಹೆಸರಿನಲ್ಲಿ ಯಾವುದನ್ನು ಬೇಕಾದರೂ ಮಾರಬಹುದು.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಒಂದು ಲೇಖನದಲ್ಲಿ, ಚಿಕಿತ್ಸಕರ ಸಹಾನುಭೂತಿ, ಷರತ್ತಿಲ್ಲದ ಗೌರವ ಮತ್ತು ನಟನೆಯಿಲ್ಲದ ನಡವಳಿಕೆ ಮನುಷ್ಯ ಬದಲಾಗಲು ಅಗತ್ಯ, ಅಷ್ಟೇ ಅಲ್ಲ, ಸಾಕು ಕೂಡ ಎಂದು ವಾದಿಸಿದರು. "ಸಾಕು" ಎಂಬುದನ್ನು ಇಂದು ಹೆಚ್ಚಿನವರು ಒಪ್ಪುವುದಿಲ್ಲ. ಆದರೆ ಇವು ನೆರವಾಗುತ್ತವೆ ಎಂಬ ಮಾತಿಗೆ ಬೆಂಬಲ ಬೆಳೆಯುತ್ತಲೇ ಬಂದಿದೆ. 2018ರಲ್ಲಿ 295 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಚಿಕಿತ್ಸಕರು ಮತ್ತು ಚಿಕಿತ್ಸೆ ಪಡೆಯುವವರ ನಡುವಿನ ನಂಟು ಗಟ್ಟಿಯಾಗಿದ್ದಷ್ಟೂ ಫಲಿತಾಂಶ ಉತ್ತಮವಾಗಿರುವುದು ಕಂಡುಬಂತು. ಫಲಿತಾಂಶಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇ 8ರಷ್ಟು ಈ ನಂಟಿನೊಂದಿಗೆ ಹೊಂದಿಕೊಂಡಿತ್ತು. ಕೇಳುವುದಕ್ಕೆ ಚಿಕ್ಕ ಅಂಕಿ. ಆದರೆ ಯಾವ ಪದ್ಧತಿಯ ಚಿಕಿತ್ಸೆಯಾದರೂ ಅದು ಕಾಣಿಸಿಕೊಂಡಿತು.

ನನಗೆ ಹೆಚ್ಚು ಇಷ್ಟವಾದ ಪ್ರಯೋಗ ಬೇರೊಂದಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೆರೋಮ್ ಮೊಟ್ಟೊ ಎಂಬ ಮನೋವೈದ್ಯರು ಖಿನ್ನತೆಯಿಂದ ಅಥವಾ ಸಾಯುವ ಯೋಚನೆಯಿಂದ ಆಸ್ಪತ್ರೆ ಸೇರಿ, ಬಿಡುಗಡೆಯಾದ ಮೇಲೆ ಮುಂದಿನ ಚಿಕಿತ್ಸೆ ಬೇಡವೆಂದ 843 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದು ವರ್ಷ ಕಾಲ, ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಪುಟ್ಟ ಪತ್ರ ಹೋಗುತ್ತಿತ್ತು: ಹೇಗಿದ್ದೀರಿ, ಚೆನ್ನಾಗಿದ್ದೀರೆಂದು ಭಾವಿಸುತ್ತೇವೆ, ಬರೆಯಬೇಕೆನಿಸಿದರೆ ಬರೆಯಿರಿ. ಚಿಕಿತ್ಸೆಗೆ ಬನ್ನಿ ಎಂಬ ಒತ್ತಾಯವಿಲ್ಲ, ತುಂಬಿ ಕಳಿಸಬೇಕಾದ ಅರ್ಜಿಯಿಲ್ಲ. 2001ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಮೊದಲ ಎರಡು ವರ್ಷಗಳಲ್ಲಿ ಪತ್ರ ಪಡೆದವರಲ್ಲಿ ಆತ್ಮಹತ್ಯೆಯ ಪ್ರಮಾಣ ಗಮನಾರ್ಹವಾಗಿ ಕಡಿಮೆಯಿತ್ತು. ಆನಂತರದ ಎಲ್ಲ ಅಧ್ಯಯನಗಳಲ್ಲೂ ಇಷ್ಟು ಸ್ಪಷ್ಟ ಫಲ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಏನನ್ನೂ ಕೇಳದ ಒಂದು ಪತ್ರಕ್ಕೆ ಅಷ್ಟು ಶಕ್ತಿ ಇದ್ದೀತೆಂದು ಅದಕ್ಕೆ ಮುಂಚೆ ಯಾರು ತಾನೇ ನಂಬುತ್ತಿದ್ದರು?

ಹಾಗಾದರೆ ಔಷಧ ಬೇಡವೇ?

ಬೇಕಾದವರಿಗೆ ಬೇಕು. ತೀವ್ರ ಖಿನ್ನತೆ, ಉನ್ಮಾದ (ಉತ್ಸಾಹ, ಮಾತು ಮಿತಿಮೀರಿ ಹರಿಯುವ ಸ್ಥಿತಿ), ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಭ್ರಮೆಗಳು ಕಾಡುವ ಕಾಯಿಲೆ) ಇವುಗಳನ್ನು ಮಾತಿನಿಂದಲೇ ವಾಸಿ ಮಾಡುತ್ತೇವೆ ಎನ್ನುವವರಿಂದ ದೂರವಿರಿ. ಮಾತು ಮಾಡುವ ಕೆಲಸ ಬೇರೆ: ಔಷಧ ತೆಗೆದುಕೊಂಡರೆ ಏನಾಗುತ್ತಿದೆ ಎಂದು ನಿಜ ಹೇಳಲು, ಬಿಟ್ಟಿದ್ದರೆ ಬಿಟ್ಟಿದ್ದೇನೆ ಎಂದು ಹೇಳಲು, ಮತ್ತೆ ಬಾಗಿಲು ತಟ್ಟಲು ಅದು ಧೈರ್ಯ ಕೊಡುತ್ತದೆ.

ವೈದ್ಯರಿಗೆ ಅಷ್ಟೊಂದು ಸಮಯ ಎಲ್ಲಿದೆ?

ಸಮಯದ ಕೊರತೆ ಸುಳ್ಳಲ್ಲ. ಆದರೆ ಅದನ್ನು ಅಳೆದು ನೋಡಿದವರಿದ್ದಾರೆ. 1984ರ ಒಂದು ಅಧ್ಯಯನದಲ್ಲಿ ರೋಗಿ ಮಾತು ಆರಂಭಿಸಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ನಡುವೆ ಬಾಯಿ ಹಾಕಿದ್ದರು. 1999ರಲ್ಲಿ ಮತ್ತೆ ನೋಡಿದಾಗ ಅದು 23 ಸೆಕೆಂಡಿಗೆ ಏರಿತ್ತು. ಹದಿನೈದು ವರ್ಷದಲ್ಲಿ ಐದು ಸೆಕೆಂಡಿನ ಪ್ರಗತಿ! ತಮಾಷೆಯೆಂದರೆ, ಎರಡನೆಯ ಅಧ್ಯಯನದಲ್ಲಿ ಮಾತನ್ನು ಪೂರ್ತಿ ಮುಗಿಸಲು ಬಿಟ್ಟ ರೋಗಿಗಳು ಸರಾಸರಿ ಆರು ಸೆಕೆಂಡು ಮಾತ್ರ ಹೆಚ್ಚು ತೆಗೆದುಕೊಂಡರು. ಸ್ವಿಟ್ಜರ್ಲೆಂಡಿನಲ್ಲಿ 335 ರೋಗಿಗಳನ್ನು ತಡೆಯದೆ ಮಾತನಾಡಲು ಬಿಟ್ಟಾಗ ಸರಾಸರಿ 92 ಸೆಕೆಂಡಿಗೆ ಅವರಾಗಿಯೇ ನಿಲ್ಲಿಸಿದರು.

ಇವು ಸಾಮಾನ್ಯ ಚಿಕಿತ್ಸಾಲಯಗಳ ಲೆಕ್ಕ. ಮನಸ್ಸಿನ ಕಾಯಿಲೆಯಲ್ಲಿ ಮಾತು ಹೆಚ್ಚು ಹೊತ್ತು ಹಿಡಿಯಬಹುದು. ಉನ್ಮಾದದಲ್ಲಿರುವವರನ್ನು ಮೆತ್ತಗೆ ತಡೆಯಲೇಬೇಕಾಗುತ್ತದೆ. ಆದರೂ ಮೊದಲ ಎರಡು ನಿಮಿಷ ಕಂಪ್ಯೂಟರ್ ಪರದೆ ಬಿಟ್ಟು ಮುಖ ನೋಡುವುದಕ್ಕೆ ಸಮಯವಿಲ್ಲ ಎಂಬ ವಾದ ನನಗೆ ಒಪ್ಪಿಗೆಯಾಗುವುದಿಲ್ಲ.

ಕಾಯಿಲೆಯವರನ್ನು ಏಕವಚನದಲ್ಲಿ ಮಾತನಾಡಿಸಿದರೆ ತಪ್ಪೇ? ಅದು ಸಲುಗೆಯಲ್ಲವೇ?

ಈ ಪ್ರಶ್ನೆ ಕನ್ನಡದ್ದೇ. "ನೀನು", "ನೀವು" ಎರಡಕ್ಕೂ ಒಂದೇ ಪದವಿರುವ ಭಾಷೆಗಳಲ್ಲಿ ಇದು ಹುಟ್ಟುವುದೇ ಇಲ್ಲ. ನೆನ್ನೆಯವರೆಗೆ "ನೀವು" ಎನಿಸಿಕೊಂಡಿದ್ದ ಐವತ್ತು ವರ್ಷದ ವ್ಯಕ್ತಿ, ವಾರ್ಡಿನ ಬಾಗಿಲು ದಾಟಿದ ಕೂಡಲೇ "ನೀನು" ಆಗಿಬಿಡುತ್ತಾರೆ. ಯಾರೂ ಬೇಕೆಂದು ಮಾಡುವುದಿಲ್ಲ, ಅಭ್ಯಾಸ. ಆದರೆ ಅವರಿಗೆ ಅರ್ಥವಾಗುತ್ತದೆ: ಆರೋಗ್ಯದ ಜೊತೆಗೆ ಬಹುವಚನವೂ ಹೋಯಿತು ಎಂದು. ಸಲುಗೆ ಎರಡೂ ಕಡೆಯಿಂದ ಬಂದಾಗ ಮಾತ್ರ ಸಲುಗೆ. ಅವರು ನಿಮ್ಮನ್ನು "ನೀನು" ಎನ್ನಬಹುದೇ? ಇಲ್ಲವಾದರೆ ನೀವೂ ಅನ್ನಬೇಡಿ.

ಇದಕ್ಕಿಂತ ನೋವು ಕೊಡುವುದು, ಎದುರಿಗೇ ಕುಳಿತವರನ್ನು ಬಿಟ್ಟು ಜೊತೆಗೆ ಬಂದವರನ್ನು ಕೇಳುವುದು: "ಇವನು ರಾತ್ರಿ ಮಲಗುತ್ತಾನೆಯೇ? ಗಲಾಟೆ ಮಾಡುತ್ತಾನೆಯೇ?" ಮನೆಯವರ ಮಾತು ಅಗತ್ಯವೇ ಸರಿ. ಮೊದಲು ಕಾಯಿಲೆಯವರನ್ನೇ ಕೇಳಿ, ಬಳಿಕ ಅವರ ಒಪ್ಪಿಗೆ ಪಡೆದು ಉಳಿದವರನ್ನು ಕೇಳಿದರೆ ಯಾವ ಮಾಹಿತಿಯೂ ತಪ್ಪಿಹೋಗುವುದಿಲ್ಲ.

"ಸಾಯಬೇಕೆನಿಸುತ್ತಿದೆಯೇ?" ಎಂದು ನೇರವಾಗಿ ಕೇಳಿದರೆ, ಇಲ್ಲದ ಯೋಚನೆಯನ್ನು ನಾವೇ ಬಿತ್ತಿದಂತಾಗುವುದಿಲ್ಲವೇ?

ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಉತ್ತರ "ಇಲ್ಲ" ಎಂದೇ. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,300ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆತ್ಮಹತ್ಯೆಯ ಬಗ್ಗೆ ಪ್ರಶ್ನೆ ಎದುರಿಸಿದ ಮಕ್ಕಳಲ್ಲಿ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಲಿಲ್ಲ. ಮೊದಲೇ ಖಿನ್ನತೆಯಲ್ಲಿದ್ದ ಅಥವಾ ಹಿಂದೆ ಪ್ರಯತ್ನಿಸಿದ್ದ ಮಕ್ಕಳಲ್ಲಿ, ಪ್ರಶ್ನೆ ಕೇಳಿಸಿಕೊಂಡವರ ಸಂಕಟ ಕೇಳಿಸಿಕೊಳ್ಳದವರಿಗಿಂತ ಕಡಿಮೆಯೇ ಇತ್ತು.

ಕೇಳುವ ರೀತಿಯಲ್ಲಿ ಎಲ್ಲವೂ ಇದೆ. "ಅಂಥ ಹುಚ್ಚು ಯೋಚನೆ ಏನೂ ಇಲ್ಲ ತಾನೇ?" ಎಂಬ ಪ್ರಶ್ನೆಯ ಹೊಟ್ಟೆಯಲ್ಲೇ "ಇಲ್ಲ" ಎಂಬ ಉತ್ತರ ಕುಳಿತಿದೆ. ಎದುರಿನವರು ನಿಮ್ಮನ್ನು ಸಮಾಧಾನಪಡಿಸಲು "ಇಲ್ಲ" ಎಂದುಬಿಡುತ್ತಾರೆ. ಅದರ ಬದಲು ಹೀಗೆ ಕೇಳಬಹುದು: "ಇಷ್ಟೊಂದು ಕಷ್ಟದಲ್ಲಿರುವಾಗ ಕೆಲವರಿಗೆ ಬದುಕೇ ಬೇಡ ಅನಿಸುತ್ತದೆ. ನಿಮಗೆ ಹಾಗೆ ಅನಿಸಿದೆಯೇ? ಸಾಯುವ ಬಗ್ಗೆ ಯೋಚಿಸಿದ್ದೀರಾ?" ಕೇಳಿದ ಮೇಲೆ ಸುಮ್ಮನಿರಿ. ಆ ಮೌನ ನಿಮಗೆ ಬಹಳ ಉದ್ದವೆನಿಸುತ್ತದೆ, ಇರಲಿ.

"ಹೌದು" ಎಂದರೆ ಬೆಚ್ಚಿಬಿದ್ದು ಉಪದೇಶ ಶುರುಮಾಡಬೇಡಿ. ಮಕ್ಕಳ ಮುಖ, ತಾಯಿಯ ಕಣ್ಣೀರು ಎಂದು ನೆನಪಿಸುವವರ ಉದ್ದೇಶ ಒಳ್ಳೆಯದೇ. ಆದರೆ ಆ ವ್ಯಕ್ತಿ ಆಗಲೇ ತಾನು ಎಲ್ಲರಿಗೂ ಭಾರ ಎಂದು ನಂಬಿರುತ್ತಾರೆ, ಅಪರಾಧಿ ಭಾವಕ್ಕೆ ಇನ್ನೊಂದು ಕಲ್ಲು ಏರಿಸಿದಂತಾಗುತ್ತದೆ. ಹೇಳಿದ್ದಕ್ಕೆ ಕೃತಜ್ಞತೆ ಹೇಳಿ. ಯೋಜನೆ ಏನಾದರೂ ಇದೆಯೇ, ಇಂದು ರಾತ್ರಿ ಜೊತೆಗೆ ಯಾರಿರುತ್ತಾರೆ ಎಂದು ಕೇಳಿ. ಅಪಾಯ ಹತ್ತಿರದಲ್ಲಿದೆ ಅನಿಸಿದರೆ ಒಬ್ಬರನ್ನೇ ಬಿಡಬೇಡಿ, ಹಾನಿ ಮಾಡಿಕೊಳ್ಳಲು ಒದಗುವ ವಸ್ತುಗಳನ್ನು ದೂರವಿರಿಸಿ, ವೈದ್ಯರನ್ನೋ ತುರ್ತು ಸೇವೆಯನ್ನೋ ಸಹಾಯವಾಣಿಯನ್ನೋ ತಡಮಾಡದೆ ಸಂಪರ್ಕಿಸಿ. "ಯಾರಿಗೂ ಹೇಳುವುದಿಲ್ಲ" ಎಂಬ ಭಾಷೆಯನ್ನು ಮಾತ್ರ ಎಂದೂ ಕೊಡಬೇಡಿ.

ಇಲ್ಲದ ದನಿ ಕೇಳುತ್ತಿದೆ, ಯಾರೋ ವಿಷ ಹಾಕುತ್ತಿದ್ದಾರೆ ಎನ್ನುವವರ ಮಾತನ್ನು ಒಪ್ಪಬೇಕೇ, ಅಲ್ಲಗಳೆಯಬೇಕೇ?

ಎರಡೂ ಬೇಡ. ವಾದ ಮಾಡಿ ಭ್ರಮೆಯನ್ನು ಗೆದ್ದವರಿಲ್ಲ. ಗೆಲ್ಲಲು ಹೋದರೆ ನೀವೂ ಶತ್ರುಗಳ ಪಟ್ಟಿಗೆ ಸೇರುತ್ತೀರಿ. ಹಾಗೆಂದು "ಹೌದು, ನನಗೂ ಕೇಳಿಸಿತು" ಎಂದರೆ ಅದು ಮೋಸ. ಮುಂದೊಂದು ದಿನ ಅದು ಗೊತ್ತಾದಾಗ ನಂಬಿಕೆ ಪೂರ್ತಿ ಮುರಿಯುತ್ತದೆ.

ಭ್ರಮೆ ಸುಳ್ಳಿರಬಹುದು, ಅದರ ಹಿಂದಿನ ಹೆದರಿಕೆ ಸುಳ್ಳಲ್ಲ. ಅದನ್ನು ಮುಟ್ಟಿ ಮಾತನಾಡಿ: "ನನಗೆ ಆ ದನಿ ಕೇಳಿಸುತ್ತಿಲ್ಲ. ಆದರೆ ನಿಮಗೆ ಕೇಳಿಸುತ್ತಿದೆ, ಅದರಿಂದ ನಿಮಗೆ ಎಷ್ಟು ಭಯವಾಗುತ್ತಿದೆ ಎಂಬುದು ಕಾಣುತ್ತಿದೆ. ಈಗ ಇಲ್ಲಿ ಏನು ಮಾಡಿದರೆ ನಿಮಗೆ ಸ್ವಲ್ಪ ನಿರಾಳವಾದೀತು?" ದನಿ ಏನು ಹೇಳುತ್ತದೆ ಎಂದು ಕೇಳಲು ಹಿಂಜರಿಯಬೇಡಿ. ತನಗೋ ಇತರರಿಗೋ ಹಾನಿ ಮಾಡೆಂದು ಅದು ಹೇಳುತ್ತಿದ್ದರೆ ಚಿಕಿತ್ಸೆ ಮಾಡುವವರಿಗೆ ಗೊತ್ತಾಗಲೇಬೇಕು.

ಕಾಯಿಲೆಯ ಹೆಸರನ್ನು ಅವರಿಗೆ ಹೇಳಬೇಕೇ?

ಹೇಳಬೇಕು, ಆದರೆ ಹೆಸರು ಹೇಳಿ ಎದ್ದುಹೋಗಬಾರದು. ಈ ವಿಷಯದಲ್ಲಿ ಜಪಾನಿನ ಅನುಭವ ಕುತೂಹಲಕರ. ಅಲ್ಲಿ ಸ್ಕಿಜೋಫ್ರೇನಿಯಾಕ್ಕೆ ಬಳಕೆಯಲ್ಲಿದ್ದ ಹೆಸರಿಗೆ "ಮನಸ್ಸು ಸೀಳಿದ ರೋಗ" ಎಂಬ ಅರ್ಥವಿತ್ತು. ರೋಗಿಗಳ ಕುಟುಂಬಗಳ ಒತ್ತಾಯದ ಮೇರೆಗೆ 2002ರಲ್ಲಿ ಅದನ್ನು ಬಿಟ್ಟು, ಮನಸ್ಸಿನ ಹೊಂದಾಣಿಕೆ ತಪ್ಪಿದ ಸ್ಥಿತಿ ಎಂಬರ್ಥದ "ತೋಗೋ ಶಿಚ್ಚೋಶೋ" ಎಂಬ ಹೆಸರನ್ನು ತಂದರು. ಅದುವರೆಗೆ ಸುಮಾರು ಶೇ 37ರಷ್ಟು ರೋಗಿಗಳಿಗೆ ಮಾತ್ರ ತಮ್ಮ ಕಾಯಿಲೆಯ ಹೆಸರನ್ನು ತಿಳಿಸಲಾಗುತ್ತಿತ್ತು. ಮೂರೇ ವರ್ಷದಲ್ಲಿ ಅದು ಶೇ 70ರ ಹತ್ತಿರಕ್ಕೆ ಬಂತು. ಹಳೆಯ ಹೆಸರನ್ನು ರೋಗಿಯ ಮುಖಕ್ಕೆ ಹೇಳಲು ವೈದ್ಯರ ನಾಲಿಗೆಯೇ ಏಳುತ್ತಿರಲಿಲ್ಲ ಎಂದಾಯಿತು.

ಕನ್ನಡದಲ್ಲೂ ಇದೇ ಕಾಯಿಲೆಗೆ "ಛಿದ್ರಮನಸ್ಕತೆ" ಎಂಬ ಪದ ಓಡಾಡುತ್ತಿದೆ. ಛಿದ್ರವಾದ ಮನಸ್ಸು ಎಂಬ ಮಾತನ್ನು ಒಬ್ಬ ಇಪ್ಪತ್ತರ ಹುಡುಗನಿಗೆ ಹೇಗೆ ಹೇಳುತ್ತೀರಿ? ನಾನಂತೂ ಸ್ಕಿಜೋಫ್ರೇನಿಯಾ ಎಂದೇ ಹೇಳಿ, ಅದು ಏನು, ಏನಲ್ಲ, ಚಿಕಿತ್ಸೆಯಿಂದ ಯಾವುದು ಹತೋಟಿಗೆ ಬರುತ್ತದೆ ಎಂದು ಬಿಡಿಸಿ ಹೇಳುವುದೇ ಮೇಲು ಎನ್ನುತ್ತೇನೆ. ಕೊನೆಗೆ ಅವರಿಗೆ ಏನು ಅರ್ಥವಾಯಿತು ಎಂದು ಅವರ ಮಾತಿನಲ್ಲೇ ಕೇಳಿ ತಿಳಿದುಕೊಳ್ಳಿ.

ಮನೆಯವರ ಮಾತಿನಿಂದ ಕಾಯಿಲೆ ಮರುಕಳಿಸುತ್ತದೆಯೇ?

ಜಾಗ್ರತೆಯಿಂದ ಉತ್ತರಿಸಬೇಕಾದ ಪ್ರಶ್ನೆ. ಒಂದು ಕಾಲಕ್ಕೆ ತಾಯಂದಿರ ವರ್ತನೆಯಿಂದಲೇ ಸ್ಕಿಜೋಫ್ರೇನಿಯಾ ಬರುತ್ತದೆ ಎಂಬ ಸಿದ್ಧಾಂತವೇ ಇತ್ತು. ಅದಕ್ಕೆ ಆಧಾರವಿಲ್ಲವೆಂದು ತಿಳಿಯುವಷ್ಟರಲ್ಲಿ ಅದೆಷ್ಟು ತಾಯಂದಿರು ತಮ್ಮನ್ನೇ ಶಪಿಸಿಕೊಂಡರೋ. ಮನೆಯವರು ಕಾಯಿಲೆ ತರುವುದಿಲ್ಲ.

ಮರುಕಳಿಸುವ ವಿಷಯ ಬೇರೆ. ಲಂಡನ್ನಿನಲ್ಲಿ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1950ರ ದಶಕದಲ್ಲಿ ಒಂದು ವಿಚಿತ್ರವನ್ನು ಗಮನಿಸಿದರು: ಆಸ್ಪತ್ರೆಯಿಂದ ತಂದೆತಾಯಿ ಅಥವಾ ಹೆಂಡತಿಯ ಬಳಿಗೆ ಮರಳಿದವರಲ್ಲಿ, ಬಾಡಿಗೆ ಕೋಣೆಗಳಿಗೆ ಹೋದವರಿಗಿಂತ ಹೆಚ್ಚು ಮಂದಿ ಮತ್ತೆ ದಾಖಲಾಗುತ್ತಿದ್ದರು. ಆಮೇಲೆ ಮನೆಯವರ ಮಾತುಗಳನ್ನೇ ಅಳೆಯಲು ಶುರುವಾಯಿತು: ಎಷ್ಟು ಟೀಕೆ, ಎಷ್ಟು ಹಗೆತನ, ಎಷ್ಟು ಅತಿಯಾದ ಕಾಳಜಿ. 1994ರಲ್ಲಿ 25 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಇವು ಹೆಚ್ಚಿದ್ದ ಮನೆಗಳಲ್ಲಿ ಸುಮಾರು ಶೇ 50ರಷ್ಟು ಮಂದಿಗೆ ಕಾಯಿಲೆ ಮರುಕಳಿಸಿತ್ತು, ಕಡಿಮೆಯಿದ್ದ ಮನೆಗಳಲ್ಲಿ ಸುಮಾರು ಶೇ 21ರಷ್ಟು ಮಂದಿಗೆ.

ಪಟ್ಟಿಯ ಮೂರನೆಯದನ್ನು ಕಂಡು ಮನೆಯವರು ಬೆರಗಾಗುತ್ತಾರೆ. ಕಾಳಜಿಯೂ ತಪ್ಪೇ? ಸ್ನಾನ ಮಾಡಿದೆಯಾ, ಮಾತ್ರೆ ನುಂಗಿದೆಯಾ, ಎಲ್ಲಿಗೆ ಹೊರಟೆ, ಬಾಗಿಲು ಏಕೆ ಹಾಕಿಕೊಂಡೆ ಎಂದು ದಿನಕ್ಕೆ ನಲವತ್ತು ಸಲ ಕೇಳಿಸಿಕೊಳ್ಳುವವರ ಜಾಗದಲ್ಲಿ ಒಂದು ಗಂಟೆ ಕುಳಿತು ನೋಡಿ, ಗೊತ್ತಾಗುತ್ತದೆ. ಇನ್ನೊಂದು ಸಂಗತಿ: ಹಾಸಿಗೆಯಿಂದ ಏಳದಿರುವುದು, ಮಾತು ಕಡಿಮೆಯಾಗಿರುವುದು ಕಾಯಿಲೆಯ ಲಕ್ಷಣ ಎಂದು ತಿಳಿಯದ ಮನೆಯಲ್ಲಿ ಅದಕ್ಕೆ "ಸೋಮಾರಿತನ" ಎಂಬ ಹೆಸರು ಬೀಳುತ್ತದೆ, ಟೀಕೆ ಅಲ್ಲಿಂದ ಹುಟ್ಟುತ್ತದೆ. ಕಾಯಿಲೆಯ ಬಗ್ಗೆ ಮನೆಯವರಿಗೆ ತಿಳಿಹೇಳುವ, ಮಾತಿನ ರೀತಿಯನ್ನು ಕಲಿಸುವ ಕಾರ್ಯಕ್ರಮಗಳಿಂದ ಮರುಕಳಿಕೆ ಕಡಿಮೆಯಾಗುವುದು ಹಲವು ಪ್ರಯೋಗಗಳಲ್ಲಿ ಕಂಡಿದೆ.

ಯಾರಾದರೂ ಕೂಗಾಡುತ್ತಿರುವಾಗ, ವಸ್ತು ಎಸೆಯುತ್ತಿರುವಾಗ ಮಾತು ಉಪಯೋಗಕ್ಕೆ ಬರುತ್ತದೆಯೇ?

ಬಹಳ ಸಲ ಬರುತ್ತದೆ. ಇಂಗ್ಲೆಂಡಿನಲ್ಲಿ ಲೆನ್ ಬವರ್ಸ್ ಮನೋರೋಗ ವಾರ್ಡುಗಳಿಗಾಗಿ ರೂಪಿಸಿದ "ಸೇಫ್‌ವಾರ್ಡ್ಸ್" ಎಂಬ ಪದ್ಧತಿಯಲ್ಲಿ ಹತ್ತು ಸರಳ ಕ್ರಮಗಳಿವೆ. "ಆಗುವುದಿಲ್ಲ" ಎನ್ನಬೇಕಾದಾಗ ಮೃದುವಾಗಿ, ಕಾರಣ ಹೇಳಿ ಅನ್ನುವುದು ಒಂದು. ಮನೆಯಿಂದ ಕೆಟ್ಟ ಸುದ್ದಿ ಬಂದವರ ಬಳಿಗೆ, ಅವರು ಸಿಡಿಯುವ ಮೊದಲೇ ಹೋಗಿ ಕೂರುವುದು ಇನ್ನೊಂದು. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಕ್ರಮಗಳನ್ನು ಪಾಲಿಸಿದ ವಾರ್ಡುಗಳಲ್ಲಿ ಘರ್ಷಣೆಗಳು ಶೇ 15ರಷ್ಟು, ಹಿಡಿದುಹಾಕುವುದು, ಒಂಟಿಯಾಗಿ ಕೂಡಿಹಾಕುವುದು ಮುಂತಾದ ಬಲವಂತದ ಕ್ರಮಗಳು ಶೇ 26ರಷ್ಟು ಕಡಿಮೆಯಾದವು.

ಆ ಗಳಿಗೆಯಲ್ಲಿ ಒಬ್ಬರೇ ಮಾತನಾಡಿ. ಐದು ಜನ ಐದು ಕಡೆಯಿಂದ "ಸಮಾಧಾನ, ಸಮಾಧಾನ" ಎಂದು ಕೂಗುವುದರಿಂದ ಯಾರೂ ಸಮಾಧಾನಗೊಂಡಿಲ್ಲ. ಚಿಕ್ಕ ವಾಕ್ಯ, ಎರಡು ತೋಳಿನಷ್ಟು ಅಂತರ, ಅವರಿಗೂ ನಿಮಗೂ ಹೊರಹೋಗಲು ದಾರಿ. ಅಪಾಯ ಕೈಮೀರಿದರೆ ಮಾತನ್ನು ನಿಲ್ಲಿಸಿ ಸಹಾಯ ಕರೆಯಿರಿ.

ಯಾವ ಮಾತುಗಳನ್ನು ಆಡಲೇಬಾರದು?

ಪಟ್ಟಿ ಕೊಡಲು ನನಗೆ ಇಷ್ಟವಿಲ್ಲ, ಪಟ್ಟಿ ಬಾಯಿಪಾಠವಾದರೆ ಕಿವಿ ಮುಚ್ಚುತ್ತದೆ. ಆದರೂ ಮೂರು ಮಾತುಗಳ ಮೇಲೆ ಕಣ್ಣಿಡಿ. "ಧೈರ್ಯವಾಗಿರಿ" ಎಂಬುದು ಕಾಯಿಲೆಯನ್ನು ಪುಕ್ಕಲುತನವಾಗಿಸುತ್ತದೆ. "ನಿಮಗಿಂತ ಕಷ್ಟದಲ್ಲಿರುವವರಿದ್ದಾರೆ" ಎಂಬುದು ನೋವಿಗೂ ಸರದಿ ಸಾಲು ಹಚ್ಚುತ್ತದೆ. ಮೂರನೆಯದು "ನನಗೆ ಅರ್ಥವಾಗುತ್ತದೆ". ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮಗನನ್ನು ಕಳೆದುಕೊಂಡ ಒಬ್ಬ ತಾಯಿಗೆ ನಾನೇ ಹೀಗೆಂದಿದ್ದೆ. ಅವರು ನನ್ನನ್ನೇ ನೋಡಿ, "ಇಲ್ಲಮ್ಮ, ನಿನಗೆ ಅರ್ಥವಾಗುವುದಿಲ್ಲ, ಆಗುವುದೂ ಬೇಡ" ಎಂದರು. ಅಂದಿನಿಂದ ಆ ವಾಕ್ಯವನ್ನು ಬಿಟ್ಟಿದ್ದೇನೆ. "ಇದು ನಿಮಗೆ ಹೇಗಿದೆ ಎಂದು ಹೇಳಿ" ಎಂದು ಕೇಳುತ್ತೇನೆ.

ಮಾತ್ರೆ ಬೇಡವೆಂದು ಹಟ ಹಿಡಿದವರಿಗೆ ಏನು ಹೇಳುವುದು?

ಹೇಳುವುದಕ್ಕಿಂತ ಕೇಳುವುದು ಹೆಚ್ಚಿರಲಿ. ಕುಡಿತ ಬಿಡಿಸುವ ಕೆಲಸದಲ್ಲಿದ್ದ ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ವಿವರಿಸಿದ, ಮುಂದೆ ಸ್ಟೀಫನ್ ರೋಲ್ನಿಕ್ ಜೊತೆ ಬೆಳೆಸಿದ ಸಂದರ್ಶನ ಕ್ರಮದ ತಿರುಳು ಇದೇ. ಬದಲಾಗಬೇಕೋ ಬೇಡವೋ ಎಂಬ ತೂಗುಯ್ಯಾಲೆಯಲ್ಲಿರುವವರನ್ನು ನೀವು ಒಂದು ಕಡೆಗೆ ತಳ್ಳಿದರೆ ಅವರು ಇನ್ನೊಂದು ಕಡೆಯನ್ನು ಸಮರ್ಥಿಸಲು ನಿಲ್ಲುತ್ತಾರೆ. "ಮಾತ್ರೆಯಿಂದ ನಿಮಗೆ ಏನು ತೊಂದರೆಯಾಗುತ್ತಿದೆ?" ಎಂದು ಕೇಳಿದರೆ ಮೈ ದಪ್ಪವಾಗುತ್ತಿದೆ, ಹಗಲೆಲ್ಲ ಮಂಪರು, ದಾಂಪತ್ಯದಲ್ಲಿ ತೊಡಕು ಎಂಬ ನಿಜವಾದ ಕಾರಣಗಳು ಹೊರಬರುತ್ತವೆ. ಪ್ರಮಾಣ ಬದಲಿಸಿ, ಔಷಧ ಬದಲಿಸಿ ವೈದ್ಯರು ಇವುಗಳಲ್ಲಿ ಹಲವನ್ನು ಸರಿಪಡಿಸಬಲ್ಲರು. ಹಟ ಎಂದುಕೊಂಡಿದ್ದು ನಿಜಕ್ಕೂ ಒಂದು ದೂರು, ಅದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ.

ದಿನವೂ ಇನ್ನೊಬ್ಬರ ನೋವು ಕೇಳಿ ನಾನೇ ಸೋತುಹೋಗುತ್ತಿದ್ದೇನೆ. ಕರುಣೆಯೇ ಇದಕ್ಕೆ ಕಾರಣವೇ?

ಬಹುಶಃ ಅಲ್ಲ. ಮಿದುಳು ಸಂಶೋಧಕರಾದ ತಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ನಡೆಸಿದ ಪ್ರಯೋಗಗಳಲ್ಲಿ, ಇತರರ ನೋವನ್ನು ತಾವೂ ಅನುಭವಿಸುವ ತರಬೇತಿ ಪಡೆದವರಲ್ಲಿ ಸಂಕಟದ ಭಾವ ಹೆಚ್ಚಿತು. ಅದೇ ಜನರಿಗೆ ಆಮೇಲೆ ಕರುಣೆಯ, ಅಂದರೆ ಒಳಿತನ್ನು ಬಯಸುವ ತರಬೇತಿ ಕೊಟ್ಟಾಗ ಸಂಕಟ ಇಳಿದು ಹಿತವಾದ ಭಾವ ಹೆಚ್ಚಿತು. ಮುಳುಗುತ್ತಿರುವವರ ಜೊತೆ ಮುಳುಗುವುದಕ್ಕೂ ದಡದಲ್ಲಿ ಕಾಲೂರಿ ಕೈ ಚಾಚುವುದಕ್ಕೂ ಇರುವ ವ್ಯತ್ಯಾಸ ಅದು.

ಆದರೆ ಎಲ್ಲವನ್ನೂ ಮನೋಭಾವದ ತಲೆಗೆ ಕಟ್ಟುವುದು ಅನ್ಯಾಯ. ಒಬ್ಬ ದಾದಿಗೆ ನಲವತ್ತು ಹಾಸಿಗೆ ಒಪ್ಪಿಸಿ ಕರುಣೆಯ ತರಬೇತಿಗೆ ಕಳಿಸುವುದು ಬರೀ ನಾಟಕ. ರಜೆ, ಸಾಕಷ್ಟು ಸಿಬ್ಬಂದಿ, ಕಷ್ಟದ ಪ್ರಸಂಗಗಳನ್ನು ಹೇಳಿಕೊಳ್ಳಲು ಒಬ್ಬ ಹಿರಿಯರು: ಇವಿಲ್ಲದ ಕಡೆ ಒಳ್ಳೆಯ ಮಾತು ಹೆಚ್ಚು ದಿನ ಬಾಳುವುದಿಲ್ಲ.

ಇದು ಹುಟ್ಟುಗುಣವೇ, ಕಲಿಯಬಹುದೇ?

ಕಲಿಯಬಹುದು. ಉಪನ್ಯಾಸ ಕೇಳಿ ಅಲ್ಲ. ಮಾಡಿ, ತಪ್ಪಿ, ಇನ್ನೊಬ್ಬರಿಂದ ತಿದ್ದಿಸಿಕೊಂಡು. ಒಪ್ಪಿಗೆ ಪಡೆದು ಧ್ವನಿಮುದ್ರಿಸಿದ ನಿಮ್ಮದೇ ಸಂಭಾಷಣೆಯನ್ನು ಕೇಳಿ ನೋಡಿ. ಮೊದಲ ಸಲ ನನಗೆ ನಾಚಿಕೆಯಾಗಿತ್ತು, ಅರ್ಧಕ್ಕಿಂತ ಹೆಚ್ಚು ಮಾತು ನನ್ನದೇ ಆಗಿತ್ತು.

ನಾನು ಆಗಲೇ ಆಡಬಾರದ ಮಾತು ಆಡಿಬಿಟ್ಟಿದ್ದೇನೆ. ಈಗೇನು ಮಾಡಲಿ?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ. ಮುತ್ತಿನ ವಿಷಯದಲ್ಲಿ ಅದು ನಿಜ. ಚಿಕಿತ್ಸೆಯ ನಂಟಿನಲ್ಲಿ ಬಿರುಕು ಬರುವುದು ಸಾಮಾನ್ಯ, ಅದನ್ನು ಗುರುತಿಸಿ ಸರಿಪಡಿಸಿಕೊಂಡ ಕಡೆ ಫಲಿತಾಂಶ ಉತ್ತಮವಾಗುವುದನ್ನು ಸಂಶೋಧಕರು ಕಂಡಿದ್ದಾರೆ. ಮನೆಯಲ್ಲೂ ಹಾಗೆಯೇ.

ಉದ್ದದ ವಿವರಣೆ ಬೇಡ, ನಿಮ್ಮ ಒತ್ತಡದ ಕಥೆಯೂ ಬೇಡ. ಕ್ಷಮೆ ಕೇಳಲು ಹೋಗಿ ಅವರಿಂದಲೇ ಸಮಾಧಾನ ಮಾಡಿಸಿಕೊಂಡು ಬರುವವರಿದ್ದಾರೆ. ಹೋಗಿ ಎದುರು ಕುಳಿತು, "ನೆನ್ನೆ ನಾನು ನಿನ್ನನ್ನು ಸೋಮಾರಿ ಎಂದೆ. ಅದು ತಪ್ಪಾಯಿತು. ಅದನ್ನು ಕೇಳಿ ನಿನಗೆ ಏನನಿಸಿತು?" ಎನ್ನಿ. ಉತ್ತರ ಆ ದಿನವೇ ಬರದಿರಬಹುದು. ನಾಳೆಯೂ ಒಂದಿಷ್ಟು ಹೊತ್ತು ಅಲ್ಲೇ ಹೋಗಿ ಕುಳಿತಿರಿ.